ತಿರುಗಿ ಬಂದವರು ಕುಡಿಯುವ ನೀರು

ನನ್ನ ಫೋನಿನಲ್ಲಿ ಮನೆಯವರ ಫೋಟೋಗಳಿಗಿಂತ ಗ್ಯಾಸ್ ಒಲೆಯ ಫೋಟೋಗಳೇ ಹೆಚ್ಚಿವೆ. ನಗಬೇಕೆನಿಸಿದರೆ ನಗಿ, ಪರವಾಗಿಲ್ಲ. ಒಲೆಯ ನಾಬು, ಸಿಲಿಂಡರಿನ ರೆಗ್ಯುಲೇಟರ್, ಎಲ್ಲವೂ ಬಂದಾಗಿರುವುದು ಸ್ಪಷ್ಟವಾಗಿ ಕಾಣುತ್ತದೆ. ಹೊಸೂರಿನಿಂದ ಬಾಗಲೂರಿಗೆ ಹೋಗುವ ಬಸ್ಸಿನಲ್ಲಿ ಕೂತು ಅವನ್ನು ನೋಡಿ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಆ ಸಮಾಧಾನಕ್ಕೆ ಮುಂದಿನ ಸ್ಟಾಪಿನವರೆಗೆ ಮಾತ್ರ ಆಯುಸ್ಸು. ಫೋಟೋ ತೆಗೆಯುವಾಗ ಸೆರಗು ತಗಲಿ ನಾಬು ತಿರುಗಿದ್ದರೆ? ಇದು ನಿನ್ನೆಯ ಫೋಟೋ ಆಗಿದ್ದರೆ?

ತಮಾಷೆಯಾಗಿ ಹೇಳಿದೆ ಅಷ್ಟೇ. ನಿಜಕ್ಕೂ ನನಗೆ ಭಯವಾಗುತ್ತದೆ. ನನ್ನ ಗಂಡ ಫ್ಯಾಕ್ಟರಿಗೆ, ನಾನು ಶಾಲೆಗೆ ಪಾಠ ಹೇಳಲು ಹೊರಟ ಮೇಲೆ ಮನೆಯಲ್ಲಿ ಉಳಿಯುವವರು ನಮ್ಮತ್ತೆ ಒಬ್ಬರೇ. ಒಂದು ಕೆಟ್ಟ ಜ್ವರ ಬಂದು ಹೋದಾಗಿನಿಂದ ಅವರಿಗೆ ವಾಸನೆ ತಿಳಿಯುವುದಿಲ್ಲ, ಪಕ್ಕದಲ್ಲೇ ಒಗ್ಗರಣೆ ಸೀದರೂ ಗೊತ್ತಾಗುವುದಿಲ್ಲ. ಗ್ಯಾಸ್ ಸೋರುತ್ತಿರುವಾಗ ಅವರು ದೇವರ ದೀಪಕ್ಕೆಂದು ಕಡ್ಡಿ ಗೀರಿದರೆ? ಈ ಚಿತ್ರ ಕಣ್ಣಿಗೆ ಕಟ್ಟಿತೆಂದರೆ ಗೇಟಿನಿಂದ ಓಡಿ ವಾಪಸ್ಸು ಬರುತ್ತೇನೆ.

ಬಂದ ಮೇಲೆ ಸುಮ್ಮನೆ ಹೋಗುವ ಹಾಗಿಲ್ಲ. ಹೊರಟವರು ತಿರುಗಿ ಒಳಗೆ ಬಂದರೆ ಕೂತು ನೀರು ಕುಡಿದೇ ಮತ್ತೆ ಹೊಸ್ತಿಲು ದಾಟಬೇಕು ಎಂಬುದು ನಮ್ಮ ಕಡೆಯ ಪದ್ಧತಿ. ಅತ್ತೆ ಸೂಳಗಿರಿ ಪಕ್ಕದ ಹಳ್ಳಿಯವರು, ಇದರಲ್ಲಿ ಅವರದು ಒಂದೇ ಹಟ. "ಒಸಿ ಕುಂತ್ಕಂಡು ನೀರು ಕುಡ್ದು ಹೋಗಮ್ಮ, ಹಂಗೇ ಓಡ್ಬ್ಯಾಡ." ಎಷ್ಟು ಸಲ ತಿರುಗಿ ಬಂದೆನೋ ಅಷ್ಟು ಲೋಟ ನೀರು. ಶಾಲೆ ತಲುಪಿದ ಕೂಡಲೇ, ಹಾಜರಿ ಹಾಕುವುದಕ್ಕೂ ಮೊದಲು, ನಾನು ಎತ್ತ ಓಡುತ್ತಿದ್ದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಪದ್ಧತಿ ಹುಟ್ಟಿದ್ದು ಹೇಗೆ ಎಂದು ಬಸ್ಸಿನಲ್ಲಿ ಯೋಚಿಸಿದ್ದುಂಟು. ಗ್ಯಾಸಿನ ಯೋಚನೆಗಿಂತ ಅದು ಮೇಲು. ಹಿಂದಿನವರು ಹೊಸ್ತಿಲು ದಾಟುವುದನ್ನು ಸಣ್ಣ ಕೆಲಸವೆಂದುಕೊಂಡವರಲ್ಲ. ನಡೆದು ಹೋಗುವ ದಾರಿ, ಸುತ್ತ ಕಾಡು. ಗಾಬರಿಯಲ್ಲಿ ತಿರುಗಿ ಬಂದವನು ಗಾಬರಿಯಲ್ಲೇ ಹೊರಟರೆ ಎಡವುತ್ತಾನೆ, ಎದೆಬಡಿತ ಇಳಿಯುವ ತನಕ ಕೂರಲಿ ಎಂದಿರಬೇಕು. ಇದು ನನ್ನ ಊಹೆಯಷ್ಟೆ. ವಿಚಿತ್ರವೆಂದರೆ, ಕೊನೆಗೆ ಧೈರ್ಯ ಮಾಡಿ ಹೋಗಿ ಕಂಡ ಡಾಕ್ಟರಮ್ಮ ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ. ಭಯ ಬಂದರೆ ಓಡಬೇಡಿ, ಕೂತಿರಿ, ತಾನಾಗಿ ಇಳಿಯುತ್ತದೆ ಎಂದರು. ನನ್ನ ಈ ಗೀಳು ಕಾಯಿಲೆಗೆ ಓಸಿಡಿ ಎಂಬ ಹೆಸರನ್ನೂ, ಮಾತ್ರೆಯನ್ನೂ, ಜೊತೆಗೆ ಫೋನಿಗೆ ಒಂದು ಆಪನ್ನೂ ಕೊಟ್ಟರು.

ಆ ಆಪಿನಲ್ಲಿ ಒಂದೊಂದೇ ವಾಕ್ಯ ಬರುತ್ತದೆ. 'ಮತ್ತೊಮ್ಮೆ ನೋಡಿದರೆ ಮಾತ್ರ ನೆಮ್ಮದಿ' ಎಂಬಂಥದ್ದನ್ನು ಬೆರಳಿನಿಂದ ಆಚೆ ತಳ್ಳಬೇಕು. 'ಅನುಮಾನ ಇದ್ದರೂ ನಡೆಯಬಹುದು' ಎಂಬಂಥದ್ದನ್ನು ಹತ್ತಿರಕ್ಕೆ ಎಳೆದುಕೊಳ್ಳಬೇಕು. ದಿನಕ್ಕೆ ಸ್ವಲ್ಪ ಹೊತ್ತಿನ ಆಟ. ನಾನೋ ಮೇಷ್ಟ್ರಮ್ಮ. ತಳ್ಳಿದ್ದು ಸರಿಯಾಗಿ ಆಚೆ ಹೋಯಿತೋ ಇಲ್ಲವೋ ಎಂದು ಮತ್ತೆ ಮೊದಲಿನಿಂದ ಆಡಿದೆ. ಹೇಳಿದಾಗ ಡಾಕ್ಟರಮ್ಮ ನಕ್ಕುಬಿಟ್ಟರು. "ಅಯ್ಯೋ ಮೇಡಂ, ಆಪಲ್ಲೂ ಚೆಕಿಂಗಾ? ತಪ್ಪಾದ್ರೆ ಆಗ್ಲಿ, ಬಿಡಿ." ಆಗಲಿ ಬಿಡಿ ಎನ್ನುವುದು ಎಷ್ಟು ಕಷ್ಟವೆಂದು ಅವರಿಗೇನು ಗೊತ್ತು ಎಂದು ಒಳಗೊಳಗೇ ಬೈದುಕೊಂಡೆ. ಆದರೂ ಆಡುತ್ತ ಹೋದೆ.

ಒಂದು ಬೆಳಗ್ಗೆ ಗೇಟಿನ ಬಳಿ ಎಂದಿನಂತೆ ಕಾಲು ಹಿಂದಕ್ಕೆ ತಿರುಗಿತು. ಮತ್ತೊಮ್ಮೆ ನೋಡಿದರೆ ಮಾತ್ರ ನೆಮ್ಮದಿ. ಗಾಳಿಯಲ್ಲೇ ಬೆರಳಿನಿಂದ ಅದನ್ನು ಆಚೆ ತಳ್ಳಿದೆ. ಎದುರುಮನೆಯವರು ನೊಣ ಓಡಿಸುತ್ತಿದ್ದೇನೆಂದುಕೊಂಡಿರಬೇಕು. ಬಸ್ಸು ಹತ್ತಿದೆ. ಆ ಪ್ರಯಾಣವನ್ನು ಹೇಗೆ ಹೇಳಲಿ? ಹಿಂದೆ ಯಾವುದೋ ವಾಹನದ ಸೈರನ್ ಕೇಳಿಸಿದಾಗ, ನಮ್ಮ ಬೀದಿಗೇ ಹೋಗುತ್ತಿದೆ ಎನಿಸಿ ಕಣ್ಣು ಕತ್ತಲಿಟ್ಟಿತು. ಅತ್ತೆಗೆ ಫೋನ್ ಮಾಡಿದರೆ ಅದೂ ತಿರುಗಿ ನೋಡಿದಂತೆಯೇ ಎಂದು ಡಾಕ್ಟರಮ್ಮ ಹೇಳಿದ್ದರು, ಮಾಡಲಿಲ್ಲ. ಇಡೀ ದಿನ ಪಾಠ ಹೇಳುವಾಗಲೂ ನನ್ನ ಕಿವಿ ಫೋನಿನ ಕಡೆಗೇ ಇತ್ತು.

ಸಂಜೆ ಬೀದಿ ತಿರುವಿನಲ್ಲಿ ಮೊದಲು ಮನೆಯ ಗೋಡೆ ನೋಡಿದೆ. ಇತ್ತು. ಬಾಗಿಲಲ್ಲಿ ಅತ್ತೆ ಕೂತಿದ್ದರು, ಮುಖ ಬಾಡಿತ್ತು. ಪಕ್ಕದಲ್ಲಿ ತಟ್ಟೆ ಮುಚ್ಚಿದ ನೀರಿನ ಲೋಟ.

"ಯಾಕಮ್ಮ, ಇವತ್ತು ತಿರುಗಿ ಬರ್ಲೇ ಇಲ್ಲ? ನೀರು ಮಡಿಕ್ಕಂಡು ಕಾಯ್ತಾ ಕುಂತಿದ್ದೆ. ದಾರೀಲಿ ಏನಾಗೋಯ್ತೋ ಅಂತ ಜೀವ ಹೋಗಿ ಬಂತು."

"ಒಂದು ಫೋನ್ ಮಾಡೋದಲ್ವಾ ಅತ್ತೆ?"

"ಮಾಡಿ, ನೀನು ಎತ್ತದೇ ಹೋಗಿದ್ರೆ?"

ಈ 'ಹೋಗಿದ್ರೆ' ನನಗೆ ಚೆನ್ನಾಗಿ ಗೊತ್ತು. ನಾನು ಅವರಿಗಾಗಿ ಹೆದರುತ್ತ ಬಸ್ಸಿನಲ್ಲಿ ಕೂತಿದ್ದಾಗ ಅವರು ನನಗಾಗಿ ಹೆದರುತ್ತ ಬಾಗಿಲಲ್ಲಿ ಕೂತಿದ್ದರು. ಅವರ ಪಕ್ಕದಲ್ಲೇ ಕೂತು ಲೋಟ ಎತ್ತಿಕೊಂಡೆ. ಇಷ್ಟು ವರ್ಷ ಹೊರಡುವುದಕ್ಕೆಂದು ಕುಡಿದ ನೀರನ್ನು ಅಂದು ಮನೆಗೆ ಬಂದದ್ದಕ್ಕೆ ಕುಡಿದೆ.

ಲೋಟ ಇಡಲು ಒಳಗೆ ಹೋದಾಗ ಒಲೆಯ ಕಡೆ ನೋಡಲಿಲ್ಲ ಎಂದರೆ ಸುಳ್ಳಾಗುತ್ತದೆ. ನೋಡಿದೆ. ಮುಟ್ಟಲಿಲ್ಲ, ಅಷ್ಟೆ.