ಮೂರನೇ ಕೂಗು

ಸಗಟು ಮಾರುಕಟ್ಟೆಯಲ್ಲಿ ಅವರಿಗೆ ಕಂಚು ಎಂದೇ ಹೆಸರು. ಈರುಳ್ಳಿ ಮೂಟೆಗಳ ಮೇಲೆ ಹತ್ತಿ ನಿಂತು ಅವರು ಹರಾಜು ಕೂಗಿದರೆ, ಆಚೆ ಬೀದಿಯ ಕ್ಷೌರದಂಗಡಿಯಲ್ಲಿ ಕುಳಿತವರಿಗೂ ಅವತ್ತಿನ ಧಾರಣೆ ಗೊತ್ತಾಗುತ್ತಿತ್ತಂತೆ. ಇದಕ್ಕೆ ಸ್ವಲ್ಪ ಉಪ್ಪುಖಾರ ಸೇರಿರಬಹುದು. ಆದರೆ ಒಂದು ಸಲ, ಎರಡು ಸಲ ಎಂದು ಕೂಗಿ, ಮೂರು ಸಲ ಎನ್ನುತ್ತ ಅಂಗೈಗೆ ಅಂಗೈ ಹೊಡೆದರೋ, ವ್ಯಾಪಾರ ಮುಗಿದಂತೆ. ಆಮೇಲೆ ಯಾರು ಬಂದು ಗೋಗರೆದರೂ ಮಾಲು ವಾಪಸ್ ಇಲ್ಲ. ಕೂಗಿ ಕೂಗಿ ಆ ಲೆಕ್ಕ ಅವರ ಕೈಗೇ ಅಂಟಿಕೊಂಡಿತ್ತು. ಮನೆಯಲ್ಲಿ ಹೆಂಡತಿ ಮೂರನೇ ಸಲ ಕಾಫಿ ಬೇಕಾ ಎಂದು ಕೇಳಿದರೂ ಮೇಜಿನ ಮೇಲೆ ಟಪ್ಪೆಂದು ಕೈ ಬೀಳುತ್ತಿತ್ತು.

ಅಂಥ ಗಂಟಲಿನಲ್ಲೇ ಗಡ್ಡೆ ಎದ್ದಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಡಾಕ್ಟರು, ಅದಕ್ಕೆ ಮುಂಚೆ ಬೇಕಾದ ಮಾತುಗಳನ್ನು ರೆಕಾರ್ಡ್ ಮಾಡಿಟ್ಟುಕೊಳ್ಳಿ ಎಂದೂ ಹೇಳಿದರು. ಯಾವ ಮಾತು ಬೇಕು ಎಂದು ಆರಿಸಿದವರು ಹೆಂಡತಿ. ಊಟ ಆಯ್ತಾ, ಬಾಗಿಲು ಹಾಕಿದೀಯಾ, ಕೊಡೆ ತಗೊಂಡ್ಯಾ, ಇಂಥವೇ. ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕುಳಿತು, ಒಂದೊಂದನ್ನೂ ಅವರಿಂದ ಹೇಳಿಸಿದರು. ಎಲ್ಲವೂ ಲ್ಯಾಪ್‌ಟಾಪಿನಲ್ಲಿ ಕುಳಿತವು. ಆಪರೇಷನ್ ಆದ ಮೇಲೆ ಮಾತ್ರ ಆಕೆ ಒಂದು ದಿನವೂ ಅದನ್ನು ಕೇಳಲಿಲ್ಲ. ಈಗ ಬೇಡ ಎಂದರು, ಆಮೇಲೂ ಬೇಡ ಎಂದರು. ಕಂಚಿನವರು ಸ್ಲೇಟಿನ ಮೇಲೆ ಬರೆದು ಸಂಸಾರ ಮಾಡತೊಡಗಿದರು.

ಅವರ ಅಕ್ಕನ ಮಗ ಆಸ್ಪತ್ರೆಯೊಂದರಲ್ಲಿ ಎಕ್ಸ್-ರೇ ವಿಭಾಗದ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು. ರೆಕಾರ್ಡ್ ಮಾಡಿದ ದನಿಯನ್ನು ಕತ್ತರಿಸಿ ಜೋಡಿಸಿ, ಟೈಪ್ ಮಾಡಿದ್ದನ್ನೆಲ್ಲ ಅದೇ ದನಿಯಲ್ಲಿ ಹೇಳುವ ಪ್ರೋಗ್ರಾಮ್ ಒಂದಿದೆ ಎಂದು ಅವನೇ ಸುದ್ದಿ ತಂದ. ಲ್ಯಾಪ್‌ಟಾಪಿನ ಹಳೆಯ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಅದು ನಡೆಯುವುದಿಲ್ಲ. ಹಳೆಯದನ್ನು ಹಾಗೇ ಬಿಟ್ಟು ಪಕ್ಕದಲ್ಲಿ ಇನ್ನೊಂದನ್ನು ಕೂರಿಸಬೇಕು. ಒಂದೇ ಮನೆಯಲ್ಲಿ ಎರಡು ಸಂಸಾರ ಇದ್ದ ಹಾಗೆ, ಆನ್ ಮಾಡಿದಾಗ ಯಾರ ಬಾಗಿಲು ತೆಗೆಯಲಿ ಎಂದು ಕೇಳುತ್ತದೆ. ಅದಕ್ಕೆ ಬೇಕಾದ್ದನ್ನೆಲ್ಲ ಪೆನ್ ಡ್ರೈವಿಗೆ ಹಾಕಿ, ಹೇಗೆ ಶುರುಮಾಡುವುದೆಂದು ತೋರಿಸಿ, ಭಾನುವಾರ ಬಂದು ತಾನೇ ಮಾಡಿಕೊಡುತ್ತೇನೆ, ಅಲ್ಲಿಯವರೆಗೆ ಮುಟ್ಟಬೇಡಿ ಎಂದು ಹೇಳಿ ಹೋದ.

ಮುಟ್ಟಬೇಡಿ ಎಂದರೆ ಮುಟ್ಟದಿರುವ ಜಾತಿಯೇ ಅಲ್ಲ ನಮ್ಮ ಕಂಚಿನವರದು. ತಾನು ಕೆಲಸ ಮಾಡುವ ಕನ್ನಡಕದ ಅಂಗಡಿಯಿಂದ ಹೆಂಡತಿ ಸಂಜೆ ಬರುವಷ್ಟರಲ್ಲಿ ಸ್ವಂತ ದನಿಯಲ್ಲಿ ಒಂದು ಹೊಸ ಮಾತು ಹೇಳಿಬಿಡಬೇಕು ಎಂಬ ಆಸೆ. ಮಧ್ಯಾಹ್ನ ಊಟ ಮುಗಿಸಿ, ಕೈ ಒರೆಸಿಕೊಂಡು ಕುಳಿತೇ ಬಿಟ್ಟರು.

ಪರದೆ ಕೇಳುತ್ತ ಹೋಯಿತು. ಮುಂದುವರಿಯಲೇ ಎಂದಿತು, ಒತ್ತಿದರು. ಹಳೆಯದರ ಪಕ್ಕದಲ್ಲಿ ಕೂರಿಸಲೇ, ಎಲ್ಲ ಅಳಿಸಿ ಕೂರಿಸಲೇ ಎಂದಿತು, ಏನನ್ನೋ ಆರಿಸಿದರು. ಇದನ್ನು ಹಿಂದಕ್ಕೆ ತೆಗೆದುಕೊಳ್ಳಲಾಗದು, ನಿಜಕ್ಕೂ ಸರಿಯೇ ಎಂದು ಮೂರನೇ ಸಲ ಕೇಳಿತು. ಮೂರನೇ ಸಲ! ಕಣ್ಣು ಓದುವ ಮೊದಲೇ ಕೈ ಬಿದ್ದಿತ್ತು. ಹಸಿರು ಪಟ್ಟಿ ಮುಕ್ಕಾಲು ದಾರಿ ಓಡಿ ನಿಂತಿತು. ಬಾಗಿಲು ತೆಗೆಯುವ ಬೂಟ್ ಲೋಡರ್ ಹಾಕಲಾಗಲಿಲ್ಲ ಎಂದು ಕೆಂಪು ಚೌಕವೊಂದು ಎದ್ದಿತು. ಎಲ್ಲರೂ ಮಾಡುವುದನ್ನೇ ಅವರೂ ಮಾಡಿದರು. ಪೆನ್ ಡ್ರೈವ್ ಕಿತ್ತು, ಆಫ್ ಮಾಡಿ ಆನ್ ಮಾಡಿದರು.

ಕಪ್ಪು ಪರದೆ. ಮೂಲೆಯಲ್ಲಿ ಒಂದು ಸಾಲು ಬಿಳಿ ಅಕ್ಷರ. ಹಳೆಯ ಸಂಸಾರವೂ ಇಲ್ಲ, ಹೊಸದೂ ಇಲ್ಲ.

ಅಯ್ಯೋ ಎನ್ನಲು ಬಾಯಿ ತೆರೆದರು, ಗಂಟಲಿನ ತೂತಿಗೆ ಕಟ್ಟಿದ ಬಟ್ಟೆ ಉಬ್ಬಿ ಇಳಿಯಿತು ಅಷ್ಟೆ. ಎರಡನೇ ಪ್ರಶ್ನೆಗೆ ಏನು ಆರಿಸಿದೆ? ಪಕ್ಕದಲ್ಲಿ ಎಂದೆನೋ, ಎಲ್ಲ ಅಳಿಸಿ ಎಂದೆನೋ? ಎಷ್ಟು ತಲೆ ಕೆರೆದುಕೊಂಡರೂ ನೆನಪಿಗೆ ಬರಲಿಲ್ಲ. ಅಳಿಸಿ ಎಂದಿದ್ದರೆ ದನಿ ಇನ್ನೊಮ್ಮೆ ಹೋಯಿತು, ಈ ಸಲ ತೆಗೆದವರು ಡಾಕ್ಟರಲ್ಲ.

ಅಳಿಯನಿಗೆ ಫೋನಿನಲ್ಲಿ ಬರೆದು ಕಳಿಸಿದರು. ಅವನು ಡ್ಯೂಟಿಯ ಮೇಲಿದ್ದ. ಉತ್ತರ ಬರುವವರೆಗೂ ಅಡುಗೆಮನೆಗೂ ಕೋಣೆಗೂ ಸುಮ್ಮನೆ ತಿರುಗಿದರು. ಕೊನೆಗೆ ಫೋನ್ ಮಿಣುಕಿತು.

“ಮಾವ, ಇನ್ನೇನೂ ಒತ್ತಬೇಡಿ. ಒಂದು ಕಾಪಿ ಬೇರೆ ಇಟ್ಕೊಂಡಿದೀರಿ ತಾನೆ?”

ಕಾಪಿ ಇತ್ತು, ಒಂದು ಪೆನ್ ಡ್ರೈವಿನಲ್ಲಿ. ಅಳಿಯ ಒಂದು ಪೆನ್ ಡ್ರೈವ್ ಕೊಡಿ ಎಂದಾಗ ಇವರು ಎತ್ತಿಕೊಟ್ಟದ್ದು ಅದನ್ನೇ. ಇದರಲ್ಲಿ ಏನಾದರೂ ಇದೆಯಾ ಎಂದು ಅವನು ಕೇಳಿದ್ದ, ಹೇಗೂ ಲ್ಯಾಪ್‌ಟಾಪಿನಲ್ಲಿ ಇದೆಯಲ್ಲ ಎಂದು ಇವರು ಬೇಕಾದ್ದೇನೂ ಇಲ್ಲವೆಂದು ಧಾರಾಳವಾಗಿ ತಲೆಯಾಡಿಸಿದ್ದರು, ಅವನು ಅದನ್ನು ಅಳಿಸಿಯೇ ಹೊಸದನ್ನು ತುಂಬಿದ್ದ. ಈಗ ಅದನ್ನೂ ಬರೆದು ತಿಳಿಸಿದರು. ಹೆಂಡತಿಗೆ ಏನು ಬರೆದು ತೋರಿಸಲಿ? ಆಕೆ ಕೇಳದಿದ್ದುದು ಬೇಡವಾಗಿ ಅಲ್ಲ, ಕೇಳುವ ಧೈರ್ಯ ಬರಲಿ ಎಂದು ಕಾಯುತ್ತಿದ್ದಾಳೆ ಎಂಬುದು ಅವರಿಗೆ ಗೊತ್ತಿತ್ತು.

ಮತ್ತೆ ಫೋನ್ ಮಿಣುಕಿತು. ಪೆನ್ ಡ್ರೈವ್ ಚುಚ್ಚಿ ಅದರಿಂದಲೇ ಆನ್ ಮಾಡಿ, ಇನ್‌ಸ್ಟಾಲ್ ಒತ್ತದೆ ಸುಮ್ಮನೆ ನೋಡುವುದನ್ನು ಆರಿಸಿ, ಡಿಸ್ಕನ್ನು ತುಂಡು ತುಂಡಾಗಿ ತೋರಿಸುವ ಚಿತ್ರ ತೆರೆಯಬೇಕಂತೆ. ಒಂದೇ ತುಂಡು ಕಂಡರೆ ಎಲ್ಲ ಅಳಿಸಿಹೋಗಿದೆ, ದೊಡ್ಡದೊಂದು ಚಿಕ್ಕದೊಂದು ಕಂಡರೆ ಹಳೆಯದು ಇದೆ. ಚಿತ್ರ ತೆರೆಯುವಾಗ ಅವರು ಕಣ್ಣು ಮುಚ್ಚಿಕೊಂಡರು. ಕಣ್ಣು ಬಿಟ್ಟಾಗ ದೊಡ್ಡದೊಂದು, ಚಿಕ್ಕದೊಂದು.

ದೊಡ್ಡದರ ಮೇಲೆ ಒತ್ತಿದರು. ತೆರೆಯಲಾಗದು ಎಂದಿತು.

ಪರದೆಯ ಫೋಟೊ ಕಳಿಸಿದರು. ಹಳೆಯದು ಸತ್ತಿಲ್ಲ ಮಾವ, ಪೂರ್ತಿ ಆಫ್ ಆಗದೆ ತೂಕಡಿಸುತ್ತಿದೆ, ಅದಕ್ಕೇ ಹೊರಗಿನವರನ್ನು ಒಳಗೆ ಬಿಡುತ್ತಿಲ್ಲ ಎಂದ ಅಳಿಯ. ಏನನ್ನೂ ತಿದ್ದದೆ ಬರೀ ಓದಲು ತೆರೆಯುವಂತೆ ಒಂದು ಸಾಲು ಕಳಿಸಿದ. ಅದನ್ನು ಅಕ್ಷರ ಅಕ್ಷರವಾಗಿ ಟೈಪ್ ಮಾಡಿದರು. ಎರಡು ಸಲ ತಪ್ಪಿತು, ಅಳಿಸಿ ಮತ್ತೆ ಬರೆದರು. ಫೋಲ್ಡರ್ ತೆರೆಯಿತು. ರೆಕಾರ್ಡುಗಳಿಗೆ ಹೆಂಡತಿಯೇ ಇಟ್ಟ ಹೆಸರುಗಳು ಸಾಲಾಗಿ ನಿಂತಿದ್ದವು. ಕೇಬಲ್ ಹಾಕಿ, ಎಲ್ಲವನ್ನೂ ಮೊದಲು ಫೋನಿಗೆ ಇಳಿಸಿಕೊಳ್ಳಿ, ಬಾಗಿಲು ರಿಪೇರಿ ನಾನು ಭಾನುವಾರ ಮಾಡುತ್ತೇನೆ ಎಂದು ಬರೆದ ಅವನು. ಬೈಯಲಿಲ್ಲ, ಒಳ್ಳೆಯ ಹುಡುಗ.

ಇಳಿಸಿಕೊಂಡು ಮುಗಿಯುವಾಗ ಬೀಗ ತಿರುಗಿದ ಸದ್ದಾಯಿತು. ಹೆಂಡತಿ ಬಂದು, ಚೀಲವಿಟ್ಟು, ನೇರ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟರು. ಕಂಚಿನವರ ಹೆದರಿಕೆ ಇನ್ನೂ ಇಳಿದಿರಲಿಲ್ಲ. ಹೆಸರು ಇದ್ದು ಒಳಗೆ ಏನೂ ಇಲ್ಲದಿದ್ದರೆ? ತಡೆಯಲಾಗದೆ, ಕೈಗೆ ಸಿಕ್ಕಿದ್ದೊಂದನ್ನು ಒತ್ತಿಬಿಟ್ಟರು.

“ಎಲ್ಲಿದೀಯೇ? ಒಂದ್ನಿಮಿಷ ಬಾ ಇಲ್ಲಿ.”

“ಬಂದೆ ರೀ, ಕೈ ಒದ್ದೆ ಇದೆ,” ಎಂದರು ಹೆಂಡತಿ ಅಡುಗೆಮನೆಯಿಂದ.

ಆಮೇಲೆ ನಲ್ಲಿ ನಿಂತಿತು. ಆಕೆ ಬಾಗಿಲಿಗೆ ಬಂದಾಗ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು, ಮುಖ ಬಿಳಿಚಿತ್ತು. ಕಂಚಿನವರು ಸ್ಲೇಟು ಎಳೆದುಕೊಂಡು, ಕಳೆದುಹೋಗ್ತಿತ್ತು, ನನ್ನದೇ ತಪ್ಪು ಎಂದು ಬರೆದು ತೋರಿಸಿದರು. ಆಕೆ ಅದನ್ನು ಓದಿದರೋ ಇಲ್ಲವೋ. ರೆಕಾರ್ಡ್ ಮಾಡುವಾಗ ಕುಳಿತಿದ್ದ ಜಾಗದಲ್ಲೇ, ಅವರ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು ಕುಳಿತರು.

“ಇನ್ನೊಂದ್ ಸಲ ಹಾಕಿ,” ಎಂದರು.

ಹಾಕಿದರು. ಎಲ್ಲಿದೀಯೇ ಎಂದು ಕೇಳಿತು ಆ ದನಿ, ಮೂಟೆ ಹತ್ತಿ ನಿಲ್ಲದೆ, ಮೆತ್ತಗೆ. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಅವರೂ ಅತ್ತರು, ಸದ್ದಿಲ್ಲದೆ. ಆಮೇಲೆ, ಅಷ್ಟು ವರ್ಷದ ಅಭ್ಯಾಸ ನೋಡಿ, ಕೈ ತಾನಾಗಿ ಮತ್ತೆ ಮೇಲೆದ್ದಿತು.

ಆಕೆ ಆ ಕೈಯನ್ನು ಗಾಳಿಯಲ್ಲೇ ಹಿಡಿದುಕೊಂಡರು.

“ಬೇಡ ರೀ. ಮೂರನೇ ಸಲ ಕೂಗಬೇಡಿ.”