ಬಾಗಿದ ಪರದೆ ಮತ್ತು ಕಡಲಿನ ಗೆರೆ

ಮಕ್ಕಳೇ, ನೀವು ಈಗ ಆಟ ಆಡಲು ಜಗಳವಾಡಿ ಹಿಡಿದುಕೊಳ್ಳುವ ಆ ಅಗಲವಾದ, ಒಳಕ್ಕೆ ಬಾಗಿದ ಕಂಪ್ಯೂಟರ್ ಪರದೆ ನಮ್ಮ ಮನೆಗೆ ಆಟಕ್ಕೆಂದು ಬಂದದ್ದಲ್ಲ. ನಿಮ್ಮ ಅಮ್ಮನ ಕೆಲಸ ಉಳಿಸಲೆಂದು ಬಂತು. ಉಳಿಸಲಿಲ್ಲ. ಅದರಲ್ಲಿ ನನ್ನ ಪಾಲು ಎಷ್ಟೆಂದು ಯಾರಿಗೂ ಹೇಳಿಲ್ಲ. ಎದುರು ಕೂತು ಹೇಳುವ ಧೈರ್ಯ ನನಗೆ ಚಿಕ್ಕಂದಿನಿಂದಲೂ ಇಲ್ಲ. ಬರೆದರೆ ಆದೀತು.

ಆಗ ನಾವು ಇದೇ ಜಪಾನಿನ ಕಾವಾಸಾಕಿ ಊರಿನಲ್ಲಿದ್ದೆವು. ನಿಮ್ಮಲ್ಲಿ ಚಿಕ್ಕವಳು ಹುಟ್ಟಿದಾಗ ನಿಮ್ಮ ಅಮ್ಮನ ಬಾಣಂತನಕ್ಕೆಂದು ಬಂದ ನಾನು, ಕೊರೊನಾ ಬಂದು ವಿಮಾನಗಳು ನಿಂತುಹೋಗಿ, ಅಲ್ಲೇ ಉಳಿದೆ. ಊರಿಂದ ಫೋನು ಬಂದರೆ ಯಾರೋ ತೀರಿಕೊಂಡ ಸುದ್ದಿಯೇ. ಫೋನು ಸದ್ದು ಮಾಡಿದರೆ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು ಸುಮ್ಮನೆ ನಿಲ್ಲುತ್ತಿದ್ದೆ. ವಾಕೋ ಊರಿನ ಪ್ರಯೋಗಾಲಯದಲ್ಲಿ ನಿಮ್ಮ ಅಪ್ಪನ ಯೋಜನೆ ಆ ವರ್ಷವೇ ಮುಗಿದಿತ್ತು, ಬೇರೆ ಕಡೆಯಿಂದ ಉತ್ತರ ಬಂದಿರಲಿಲ್ಲ. ಮನೆ ಬಾಡಿಗೆ, ವೀಸಾ, ನಿಮ್ಮ ಹಾಲು, ಎಲ್ಲವೂ ನಿಮ್ಮ ಅಮ್ಮನ ಕೆಲಸದ ಮೇಲೆ ನಿಂತಿತ್ತು. ಆ ಕೆಲಸವೂ ವರ್ಷದ ಕರಾರಿನದು. ಮಾರ್ಚಿನಲ್ಲಿ ಮುಂದುವರಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಅವಳು ಮಕ್ಕಳ ಕಾರ್ಟೂನ್ ತಯಾರಿಸುವ ಒಂದು ಸಣ್ಣ ಸ್ಟುಡಿಯೋಗೆ ಚಿತ್ರ ಬರೆಯುತ್ತಿದ್ದಳು. ಗೊಂಬೆಗಳನ್ನಲ್ಲ, ಅವುಗಳ ಹಿಂದಿರುವ ಊರು, ಹೊಳೆ, ಆಕಾಶವನ್ನು. ಕ್ಯಾಮೆರಾ ಎಡದಿಂದ ಬಲಕ್ಕೆ ಜಾರುತ್ತಾ ಹೋಗುವುದಕ್ಕೆ ಸೀರೆಯಷ್ಟು ಉದ್ದದ ಚಿತ್ರ ಬೇಕು. ಆಫೀಸಿನಲ್ಲಿ ದೊಡ್ಡ ಪರದೆ ಇತ್ತು. ಕೊರೊನಾದಿಂದ ಆಫೀಸು ಮುಚ್ಚಿ ಎಲ್ಲರೂ ಮನೆಯಿಂದಲೇ ಕೆಲಸ ಮಾಡುವಂತಾದ ಮೇಲೆ, ಹಾಸಿಗೆ ಮಡಚಿಡುವ ಗೋಡೆ ಬೀರುವನ್ನು ಖಾಲಿ ಮಾಡಿ, ಅದರ ನಡುವಿನ ಹಲಗೆಯನ್ನೇ ಮೇಜು ಮಾಡಿಕೊಂಡು, ಪುಟ್ಟ ಲ್ಯಾಪ್‌ಟಾಪಿನಲ್ಲಿ ತುಂಡು ತುಂಡಾಗಿ ಬರೆಯತೊಡಗಿದಳು. ಎರಡು ಚಿತ್ರ ವಾಪಸ್ ಬಂದವು. ಎಡಗಡೆಯ ಸಂಜೆಯೂ ಬಲಗಡೆಯ ಸಂಜೆಯೂ ಒಂದೇ ಸಂಜೆಯಂತೆ ಕಾಣುವುದಿಲ್ಲ ಎಂದು ಮೇಲಿನವರು ಹೇಳಿದರಂತೆ. ಆ ಮೇಲಿನಾಕೆ ಗದರುತ್ತಿರಲಿಲ್ಲ. ಫೋನಿನಲ್ಲಿ ಆಕೆಯ 'ಸುಮಿಮಾಸೆನ್' ಎಂಬ ಕ್ಷಮೆಯ ಮಾತು ಹೆಚ್ಚಾದಷ್ಟೂ ನಿಮ್ಮ ಅಮ್ಮನ ಮುಖ ಇಳಿಯುತ್ತಿತ್ತು.

ಹಾಗಾಗಿ ಹೊಸ ಪರದೆಯ ಮಾತು ಬಂತು. ತಿಂಗಳುಗಟ್ಟಲೆ ಅದೇ ಮಾತು. ಎರಡು ಸಾದಾ ಪರದೆಗಳನ್ನು ಪಕ್ಕಪಕ್ಕ ಇಟ್ಟರೆ ನಡುವೆ ಚೌಕಟ್ಟು ಬಂದು ಚಿತ್ರ ಮುರಿಯುತ್ತದೆ. ಒಂದೇ ಅಗಲದ ಚಪ್ಪಟೆ ಪರದೆಯಾದರೆ ಅಂಚುಗಳು ಕಣ್ಣಿಗೆ ದೂರ, ಓರೆಯಿಂದ ನೋಡಿದ ಬಣ್ಣ ಬೇರೆ.

"ಬಾಗಿದ್ದಾದ್ರೆ ಎರಡು ತುದೀನೂ ನನ್ನ ಕಡೆಗೇ ತಿರುಗಿರತ್ತಮ್ಮ. ಕಲರ್ ಒಂದೇ ಥರ ಕಾಣತ್ತೆ" ಅಂದಳು.

ಬೀರುವಿನಲ್ಲಿ ಹಿಡಿಸುತ್ತದೆಯೇ ಎಂಬುದು ಪ್ರಶ್ನೆ. ಅದು ನನಗೆ ಗೊತ್ತಿದ್ದ ಕೆಲಸ. ನಿಮ್ಮ ತಾತ ಹೋದ ಮೇಲೆ ಊರಲ್ಲಿ ರವಿಕೆ ಹೊಲಿದೇ ನಿಮ್ಮ ಅಮ್ಮನನ್ನು ಓದಿಸಿದವಳು ನಾನು. ಬಟ್ಟೆಗೆ ಕತ್ತರಿ ಹಾಕುವ ಮೊದಲು ಪೇಪರಿನಲ್ಲಿ ಕತ್ತರಿಸಿ ನೋಡುವುದು ಅಭ್ಯಾಸ. ಪರದೆ ಮೂವತ್ತನಾಲ್ಕು ಇಂಚಿನದು ಎಂದು ಕೇಳಿ ಅಗಲಕ್ಕೆ ಅಷ್ಟನ್ನೇ ಅಳೆಯಹೊರಟೆ. ನಿಮ್ಮ ಅಪ್ಪ ನಕ್ಕರು.

"ಅತ್ತೆ, ಅದು ಮೂಲೆಯಿಂದ ಮೂಲೆಗೆ. ರವಿಕೆ ಲೆಕ್ಕ ಇಲ್ಲಿ ನಡೆಯಲ್ಲ."

"ಹಾಗಾದ್ರೆ ಅಗಲ ಎಷ್ಟು, ಎತ್ತರ ಎಷ್ಟು, ಹೇಳಿಬಿಡಿ."

ಅವರು ಫೋನಿನಲ್ಲಿ ನೋಡಿ ಹೇಳಿದರು. ಜಪಾನಿ ದಿನಪತ್ರಿಕೆಯ ಹಾಳೆಗಳನ್ನು ಅಂಟಿಸಿ ಕತ್ತರಿಸಿದೆ. "ಲೈನಿಂಗ್ ಬಟ್ಟೆನೂ ಹಾಕ್ತೀರಾ?" ಎಂದು ಕೇಳಿದರು. ಆ ಚಳಿಗಾಲದಲ್ಲಿ ಮನೆಯವರೆಲ್ಲ ಒಟ್ಟಿಗೆ ನಕ್ಕದ್ದು ಅದೊಂದೇ ನೆನಪು. ಕಾಗದವನ್ನು ಬೀರುವಿನೊಳಗಿನ ಗೋಡೆಗೆ ಅಂಟಿಸಿದೆ. ಎರಡೂ ಪಕ್ಕ ಬೆರಳು ಹೋಗುವಷ್ಟು ಜಾಗ ಉಳಿಯಿತು. ಹಿಡಿಸಿತು ಎಂದು ಎಲ್ಲರಿಗೂ ಖುಷಿ.

ಆದರೆ ನಾನು ಕಾಗದ ಅಂಟಿಸಿದ್ದು ನಿಂತುಕೊಂಡು. ಬಟ್ಟೆ ಕತ್ತರಿಸುವವರು ನಿಂತೇ ಅಳೆಯುತ್ತಾರೆ, ನಿಂತೇ ಕತ್ತರಿಸುತ್ತಾರೆ. ನನ್ನ ಕಣ್ಣಿನ ಎತ್ತರಕ್ಕೆ ಅಂಟಿಸಿಬಿಟ್ಟಿದ್ದೆ. ಕುರ್ಚಿಯಲ್ಲಿ ಕೂರುವವಳು ನಿಮ್ಮ ಅಮ್ಮ ಎಂಬುದು ಹೊಳೆಯಲಿಲ್ಲ.

ಅಂಗಡಿಗೆ ನಾನೂ ಹೋಗಿದ್ದೆ, ಚಿಕ್ಕವಳನ್ನು ಎತ್ತಿಕೊಂಡು. ನೆಲದ ಮೇಲೆ ಎಲ್ಲಿ ನಿಲ್ಲಬೇಕೆಂದು ಹೆಜ್ಜೆಯ ಗುರುತು ಅಂಟಿಸಿದ್ದರು. ಮಾಸ್ಕು ಹಾಕಿದ ಅಂಗಡಿಯವನು ದೂರದಿಂದಲೇ ಬಗ್ಗಿ ಬಗ್ಗಿ ವಿವರಿಸಿದ. ನಿಮ್ಮ ಅಮ್ಮ ಪರದೆಯ ಮುಂದೆ ಕುರ್ಚಿಯಲ್ಲಿ ಕೂತಳು, ಸರಿಯಾಗಿ ನಡುವಿಗೆ. ಪರದೆಯಲ್ಲಿ ಕಡಲಿನ ಚಿತ್ರ. "ನೋಡಮ್ಮ, ಎಷ್ಟು ಚೆನ್ನಾಗಿದೆ!" ಎಂದಳು.

ಅವಳ ಹಿಂದೆ ನಿಂತು ನೋಡಿದ ನನಗೆ ನೀರೂ ಆಕಾಶವೂ ಸೇರುವ ಗೆರೆ ನಡುವೆ ಮೇಲಕ್ಕೆ ಉಬ್ಬಿದಂತೆ ಕಂಡಿತು. ಬಗ್ಗಿದೆ, ಗೆರೆ ನೇರವಾಯಿತು. ಎದ್ದೆ, ಮತ್ತೆ ಉಬ್ಬಿತು. ಎತ್ತರ ಬದಲಾದರೆ ಗೆರೆ ಬದಲಾಗುತ್ತದೆ ಎಂದು ಅಲ್ಲೇ ಅರ್ಥವಾಗಿತ್ತು, ಮಕ್ಕಳೇ. ಬೆನ್ನು ಬಾಗಿದವರ ಮೇಲೆ ನೇರವಾಗಿ ಹೊಲಿದ ಅಂಚೂ ಡೊಂಕಾಗಿ ಕಾಣುವುದನ್ನು ಎಷ್ಟು ಸಲ ನೋಡಿದವಳು! ಅಂಗಡಿಯವನ ಮುಂದೆ, ಅಷ್ಟು ಓದಿದ ಮಗಳ ಮುಂದೆ, ಏಳನೇ ತರಗತಿಯವಳು ಏನು ಹೇಳುವುದು ಎಂದು ಸುಮ್ಮನಾದೆ. ಅವಳಿಗೆ ಅಷ್ಟು ಸಂತೋಷವೂ ಆಗಿತ್ತು.

ಪರದೆ ಬಂತು. ನನ್ನ ಕಾಗದವಿದ್ದ ಎತ್ತರಕ್ಕೇ ಒಂದು ಪೆಟ್ಟಿಗೆಯ ಮೇಲೆ ಕೂರಿಸಿದರು. ಕೆಳಗೆ, ಕಂಪ್ಯೂಟರಿಗೆ ಪೆನ್ನಿನಿಂದ ಚಿತ್ರ ಬರೆಯುವ ಹಲಗೆಗೆ ಜಾಗವೂ ಆಯಿತು, ಮಗುವಿನ ಕೈಗೂ ಎಟುಕುವುದಿಲ್ಲ ಎಂದು ನಾನೇ ಒಪ್ಪಿಗೆ ಕೊಟ್ಟೆ. ಬಣ್ಣಗಳು ಒಂದಾದವು. ಆಮೇಲೆ ಸ್ಟುಡಿಯೋದವರು ಕಡಲಿನ ಉದ್ದದ ಚಿತ್ರವೊಂದನ್ನು ಕೊಟ್ಟರು. ಅಲ್ಲಿ ಪಟ್ಟಿ ಇಟ್ಟು ಗೆರೆ ಎಳೆಯುವ ಪದ್ಧತಿ ಇಲ್ಲ. ಕೈಯ ಜೀವ ಇರಬೇಕಂತೆ. ನಿಮ್ಮ ಅಮ್ಮ ಮೂರು ವಾರ ಕುತ್ತಿಗೆ ಎತ್ತಿ ಎತ್ತಿ ಅದನ್ನು ಬರೆದಳು. ಕೊಟ್ಟ ನಾಲ್ಕನೇ ದಿನ ಫೋನು ಬಂತು. ಫೋನಿಟ್ಟು ಅವಳು ಆ ಚಿತ್ರವನ್ನು ಮತ್ತೆ ಪರದೆಗೆ ತಂದಳು.

"ಕಡಲು ಊದಿಕೊಂಡಿದೆ ಅಂತಾರಮ್ಮ. ನಂಗೆ ನೆಟ್ಟಗೇ ಕಾಣತ್ತೆ. ನನ್ನ ಕಣ್ಣೇ ಹೋಯ್ತೇನೋ."

ಮಧ್ಯಾಹ್ನ ಅವಳು ಮಗುವಿಗೆ ಸ್ನಾನ ಮಾಡಿಸಲು ಹೋದಾಗ ಅವಳ ಕುರ್ಚಿಯಲ್ಲಿ ಕೂತೆ. ಕತ್ತೆತ್ತಿ ನೋಡಿದರೆ ಕಡಲಿನ ಗೆರೆ ನೇರವಾಗಿಯೇ ಇತ್ತು. ನನ್ನ ಹೊಲಿಗೆಯ ಟೇಪು ತಂದೆ. ಲಂಗದ ಅಂಚು ಸಮವಿದೆಯೇ ಎಂದು ನೆಲದಿಂದ ಅಳೆಯುತ್ತೇವಲ್ಲ, ಹಾಗೆ ಪರದೆಯ ಕೆಳಗಿನ ಅಂಚಿನಿಂದ ಗೆರೆಯವರೆಗೆ ಅಳೆದೆ. ಎಡಕ್ಕೂ ಬಲಕ್ಕೂ ಒಂದೇ ಅಳತೆ. ನಡುವೆ ಒಂದು ಬೆರಳು ಹೆಚ್ಚು.

"ಅಮ್ಮಾ! ಸ್ಕ್ರೀನ್ ಮುಟ್ಟಬೇಡ! ಗೀರಾದ್ರೆ ಯಾರು ಕೊಡ್ತಾರೆ?" ಬಾಗಿಲಲ್ಲಿ ಒದ್ದೆ ಮಗುವನ್ನು ಹಿಡಿದು ನಿಂತಿದ್ದಳು.

ನಾನು ಟೇಪನ್ನು ನಡುವೆ ಹಿಡಿದು ತೋರಿಸಿದೆ, ಆಮೇಲೆ ತುದಿಗೆ. ಅವಳು ಮಗುವನ್ನು ನನ್ನ ಕೈಗಿಟ್ಟು, ಮೊದಲು ನಿಂತು ನೋಡಿದಳು, ಆಮೇಲೆ ಕೂತು ನೋಡಿದಳು. ಕೆಳಗಿನಿಂದ ನೋಡುವವಳಿಗೆ ನೇರವಾದ ಗೆರೆ ನಡುವೆ ಜೋತುಬಿದ್ದಂತೆ ಕಂಡಿದೆ. ಅದನ್ನು ಸರಿಮಾಡಲು ಕೈ ತಾನಾಗಿಯೇ ಎತ್ತುತ್ತಾ ಹೋಗಿದೆ. ಚಪ್ಪಟೆ ಪರದೆಯಲ್ಲಿ ನೋಡಿದವರಿಗೆ ಕಡಲು ಊದಿಕೊಂಡಿದೆ.

ಪೆಟ್ಟಿಗೆ ತೆಗೆದು ಪರದೆಯನ್ನು ಇಳಿಸಿದೆವು. ನಾಲ್ಕು ದಿನ ಕೂತು ಅವಳು ಇಡೀ ಕಡಲನ್ನು ಮತ್ತೆ ಬರೆದಳು. ಕಳಿಸಿದಳು. ತುಂಬ ಚೆನ್ನಾಗಿದೆ, ಆದರೆ ಆ ದೃಶ್ಯವನ್ನು ಆಗಲೇ ಬೇರೆಯವರಿಗೆ ಕೊಟ್ಟಾಯಿತು, ಸುಮಿಮಾಸೆನ್ ಎಂದರು. ಮಾರ್ಚಿನಲ್ಲಿ ಕರಾರು ಮುಂದುವರಿಯಲಿಲ್ಲ.

ಆಮೇಲೆ ಬೇಸಿಗೆಯಲ್ಲಿ ನಿಮ್ಮ ಅಪ್ಪನಿಗೆ ಕ್ಯೋಟೋದಲ್ಲಿ ಕೆಲಸ ಸಿಕ್ಕಿ ಇಲ್ಲಿಗೆ ಬಂದೆವು. ನಡುವಿನ ಆ ತಿಂಗಳುಗಳಲ್ಲಿ ಅವಳು ಊಟದ ಡಬ್ಬಿ ತುಂಬುವ ಕಾರ್ಖಾನೆಗೆ ಹೋಗುತ್ತಿದ್ದಳು. ಅನ್ನದ ಮೇಲೆ ಉಪ್ಪಿನಕಾಯಿ ಇಡುವ ಕೆಲಸ. ಬಂದ ಮೇಲೆ ಬೆರಳುಗಳನ್ನು ಬಿಸಿನೀರಿನಲ್ಲಿ ಅದ್ದಿಕೊಂಡು ಕೂರುತ್ತಿದ್ದಳು. ಆಮೇಲೆ ಅವಳು ಚಿತ್ರ ಬರೆದದ್ದನ್ನು ನೀವೂ ನೋಡಿಲ್ಲ, ನಾನೂ ನೋಡಿಲ್ಲ. ಟೇಪಿನ ಸಂಗತಿಯನ್ನು ಮಾತ್ರ ಬಂದವರಿಗೆಲ್ಲ ಹೇಳುತ್ತಾಳೆ. ನಮ್ಮಮ್ಮ ಕಂಡುಹಿಡಿದರು, ಇಂಜಿನಿಯರಿಗೂ ಹೊಳೆಯುತ್ತಿರಲಿಲ್ಲ ಎಂದು. ಆಗೆಲ್ಲ ನಾನು ಕಾಫಿ ಲೋಟ ತೊಳೆಯಲು ಎದ್ದುಹೋಗುತ್ತೇನೆ. ಅಂಗಡಿಯಲ್ಲೇ ಕಂಡಿತ್ತು ಎಂಬುದು ಅವಳಿಗೆ ಗೊತ್ತಿಲ್ಲ.

ನಿಮಗೆ ಕನ್ನಡ ಮಾತು ತಿಳಿಯುತ್ತದೆ, ಅಕ್ಷರ ಬರುವುದಿಲ್ಲ. ಇದನ್ನು ನಿಮ್ಮ ಅಮ್ಮನೇ ಓದಿ ಹೇಳಬೇಕು. ಇಷ್ಟು ಹೊತ್ತಿಗೆ ಅವಳು ಅಂಗಡಿಯ ಮಾತನ್ನು ದಾಟಿ ಬಂದಿರುತ್ತಾಳೆ. ಅವಳ ದನಿ ಅಲ್ಲಿ ನಿಂತಿದ್ದರೆ ಯಾಕೆಂದು ಕೇಳಬೇಡಿ. ನಾನು ಅಡುಗೆಮನೆಯಲ್ಲೇ ಇದ್ದೇನೆ. ಕರೆದರೆ ಬರುತ್ತೇನೆ.