ಪ್ಲಾಸ್ಟಿಕ್ ಬಳ್ಳಿಯ ಬಾಣಂತಿ

ಹಿರಿಯೂರಿನ ನಮ್ಮ ಬಡಾವಣೆಯಲ್ಲಿ ಮನೆ ಕಟ್ಟಿದವರೆಲ್ಲ ಮೊದಲು ಮಾಡುವ ಕೆಲಸ ಅಂಗಳದ ಮಣ್ಣು ಮುಚ್ಚುವುದು. ಮಣ್ಣು ಕಂಡರೆ ಮರ್ಯಾದೆ ಹೋದೀತೆಂಬ ಹೆದರಿಕೆ. ಪಕ್ಕದ ಮನೆಯ ಗುತ್ತಿಗೆದಾರರಂತೂ ಗೇಟಿನಿಂದ ಹಿತ್ತಿಲವರೆಗೆ ಟೈಲ್ಸ್ ಹಾಕಿಸಿ, ಒಂದು ಮೂಲೆಗೆ ಪ್ಲಾಸ್ಟಿಕ್ ಹುಲ್ಲು ಹಾಸಿ, ಮುಂಬಾಗಿಲ ಕಂಬಕ್ಕೆ ಪ್ಲಾಸ್ಟಿಕ್ ಬಳ್ಳಿ ಹಬ್ಬಿಸಿದ್ದರು. ಭಾನುವಾರ ಬೆಳಿಗ್ಗೆ ಪೈಪು ಹಿಡಿದು ಆ ಬಳ್ಳಿಗೆ ನೀರು ಹೊಡೆಯುತ್ತಿದ್ದರು. ಧೂಳು ಹೋಗಲಿ ಅಂತ.

ನನ್ನ ಅಂಗಳ ಅವರ ಕಣ್ಣಿಗೆ ಕಸದ ಗುಡ್ಡೆ. ಬಬ್ಬೂರು ಫಾರಂನಿಂದ ಸಸಿ ತಂದು ನೆಟ್ಟ ನಿಂಬೆ, ಒಂದು ದಾಸವಾಳ, ಪಪ್ಪಾಯಿ, ತಾನಾಗಿಯೇ ಎದ್ದ ಕರಿಬೇವು, ಕೆಳಗೆಲ್ಲ ತರಗೆಲೆ. ನಾನು ಗುಡಿಸುವುದಿಲ್ಲ.

"ಮೇಡಂ, ಇದನ್ನೆಲ್ಲ ಸವರಿ ಹಾಕ್ಸಿಬಿಡ್ರಿ. ಹಾವು ಬರ್ತವೆ," ಎಂದು ಕಾಂಪೌಂಡಿನ ಮೇಲಿಂದ ಉಪದೇಶ ಬಂತು.

"ಹಾವಿಗೆ ಮುಂಗುಸಿ ಐತೆ ಬಿಡ್ರಿ," ಎಂದೆ.

"ಮುಂಗುಸಿನೂ ಬರ್ತೈತಾ?" ಎಂದು ಗೋಡೆಯಾಚೆ ತಲೆ ಎಳೆದುಕೊಂಡರು. ನಾನು ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳು. ಇಂಥವರಿಗೆ ಹೇಳಿಕೊಡುವಷ್ಟು ತಾಳ್ಮೆ ನನಗಿಲ್ಲ.

ಬೇಸಿಗೆ ರಜೆ ಬಂದರೆ ನನಗೆ ಅಡುಗೆಮನೆಯ ಹಿಂದಿನ ಮೆಟ್ಟಿಲೇ ಊಟಿ. ಬೆಳಿಗ್ಗೆ ಕಾಫಿ ಹಿಡಿದು ಕೂತರೆ ಸೂರಕ್ಕಿ ದಾಸವಾಳದೊಳಗೆ ಕೊಕ್ಕು ತೂರಿಸುತ್ತದೆ, ಅಳಿಲು ಪಪ್ಪಾಯಿಗೆ ಕನ್ನ ಹಾಕುತ್ತದೆ, ಮುಂಗುಸಿ ನನ್ನನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ, ಹಕ್ಕಿಗಳಿಗೆಂದು ನಾನಿಟ್ಟ ಬಾನಿಯ ನೀರು ಕುಡಿದು ಹೋಗುತ್ತದೆ. ಕರಿಬೇವಿನ ಹಣ್ಣು ಕಪ್ಪಾಗುತ್ತಲೇ ಪಿಕಳಾರಗಳ ಜೋಡಿಯೊಂದು ಬಂತು. ತಲೆ ಮೇಲೆ ಕರೀ ಜುಟ್ಟು, ಬಾಲದ ಬುಡದಲ್ಲಿ ಕೆಂಪು. ನಿಂಬೆಯ ಕೊಂಬೆಗಳಲ್ಲಿ ಓಡಾಡಿ ಜಾಗ ನೋಡುತ್ತಿದ್ದವು. ಗೂಡು ಇಲ್ಲೇ ಎಂದುಕೊಂಡು ಆ ಕಡೆ ಬಟ್ಟೆ ಒಣಹಾಕುವುದನ್ನೂ ಬಿಟ್ಟೆ.

ಆ ದರಿದ್ರ ಹಕ್ಕಿಗಳು ಹೋಗಿ ಗೂಡು ಕಟ್ಟಿದ್ದು ಪ್ಲಾಸ್ಟಿಕ್ ಬಳ್ಳಿಯಲ್ಲಿ!

ನಾರು ನನ್ನ ತೋಟದ್ದು, ಹುಳು ನನ್ನ ತೋಟದ್ದು, ಬಾಣಂತನ ಅಲ್ಲಿ. ಮನುಷ್ಯರಿಗೆ ಬುದ್ಧಿ ಇಲ್ಲವೆಂದು ನನಗೆ ಮೊದಲೇ ಗೊತ್ತಿತ್ತು. ಹಕ್ಕಿಗಳ ಮೇಲೆ ಸ್ವಲ್ಪ ಗೌರವ ಉಳಿದಿತ್ತು.

ಹೊಸ ಕಾರಿನ ಮೇಲೆ ಹಿಕ್ಕೆ ಬಿದ್ದ ದಿನ ಗುತ್ತಿಗೆದಾರರು ಕಡ್ಡಿಪೊರಕೆ ಹಿಡಿದು ಸ್ಟೂಲು ಹತ್ತಿದರು. ನಾನು ಗೇಟು ದಾಟಿ ಓಡುವಷ್ಟರಲ್ಲಿ ಅವರ ತಾಯಿ ಬಾಗಿಲಿಗೆ ಬಂದಿದ್ದರು.

"ಲೇ, ಇಳಿಯೋ ಕೆಳಗೆ! ಬಾಣಂತಿನ ಮನೆಯಿಂದ ಹೊರಗೆ ಹಾಕ್ತಾರೇನೋ? ನಿನ್ನ ಮನೆ ಉದ್ಧಾರ ಆಗ್ತೈತಾ?"

ಅವರು ಇಳಿದರು. ಕರುಣೆಯಿಂದಲ್ಲ, ಶಾಪದ ಭಯಕ್ಕೆ. ಮಾರನೆಯ ದಿನವೇ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಗೂಡಿನ ಫೋಟೋ, ಕೆಳಗೆ ಕೈಮುಗಿದ ಚಿತ್ರ, 'ಪ್ರಕೃತಿಯೇ ದೇವರು' ಎಂಬ ಸಾಲು. ಅಂಗಳಕ್ಕೆ ಸಿಮೆಂಟು ಬಳಿದವರೆಲ್ಲ ಸಾಲಾಗಿ ಹೂವಿನ ಚಿತ್ರ ಹಾಕಿ ಹೊಗಳಿದರು.

ಮರಿಗಳು ಎರಡು. ರೆಕ್ಕೆ ಬಲಿಯುವ ಮೊದಲೇ, ಒಂದು ಮಟಮಟ ಮಧ್ಯಾಹ್ನ, ಒಂದು ಮರಿ ಜಾರಿ ಟೈಲ್ಸ್ ಮೇಲೆ ಬಿತ್ತು. ತಾಯಿಹಕ್ಕಿಯ ಕಿರುಚಾಟ ಕೇಳಿ ಹೋದೆ. ಬರಿಗಾಲಿಡಲಾಗದಷ್ಟು ಕಾದ ನೆಲ. ಮರಿ ಒಂದು ಕಾಲೆತ್ತಿ, ಇನ್ನೊಂದು ಕಾಲೆತ್ತಿ ಕುಣಿಯುತ್ತಿತ್ತು. ಗುತ್ತಿಗೆದಾರರು ನೆರಳಲ್ಲಿ ನಿಂತು ಮೊಬೈಲು ಹಿಡಿದಿದ್ದರು.

"ಇರ್ರಿ ಮೇಡಂ, ಅಡ್ಡ ಬರಬ್ಯಾಡ್ರಿ. ವಿಡಿಯೋ ಮಾಡ್ತಾ ಇದೀನಿ. ನೋಡ್ರಿ, ಎಷ್ಟು ಚೆಂದ ಡ್ಯಾನ್ಸ್ ಮಾಡ್ತೈತೆ!"

"ಡ್ಯಾನ್ಸ್ ಅಲ್ಲ, ಕಾಲು ಸುಡ್ತೈತೆ ಅದಕ್ಕೆ. ಚಪ್ಪಲಿ ಬಿಟ್ಟು ನೀವೂ ಬರ್ರಿ, ಇಬ್ರೂ ಕುಣೀರಿ," ಎಂದೆ.

ಬಾಗಿಲಲ್ಲಿದ್ದ ಅವರ ತಾಯಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನಾನು ಮರಿಯನ್ನು ಬೊಗಸೆಯಲ್ಲಿ ಎತ್ತಿಕೊಂಡು ಬಂದು ದಾಸವಾಳದ ಒಳಗಿನ ಕೊಂಬೆಯ ಮೇಲೆ ಕೂರಿಸಿದೆ. ಅಂಗೈಯಲ್ಲಿ ಅದರ ಎದೆ ಎಷ್ಟು ಜೋರಾಗಿ ಬಡಿಯುತ್ತಿತ್ತೆಂದರೆ, ಕೋಪ ಮರೆತು ನನ್ನ ಉಸಿರೂ ಸಣ್ಣದಾಯಿತು. ತಾಯಿಹಕ್ಕಿ ಹಿಂದೆಯೇ ಬಂದು, ನನ್ನ ನೆತ್ತಿಗೆ ಒಮ್ಮೆ ರೆಕ್ಕೆ ಬಡಿದು, ಮರಿಯ ಬಾಯಿಗೆ ಹುಳು ತುರುಕಿತು. ಕೆಲವು ದಿನಗಳಲ್ಲಿ ಇನ್ನೊಂದು ಮರಿಯೂ ಗೋಡೆ ಹಾರಿ ಬಂತು.

ಗುಂಪಿಗೆ ಬಂದ ವಿಡಿಯೋದಲ್ಲಿ ಕುಣಿಯುವ ಮರಿ, ಅದನ್ನೆತ್ತುವ ಎರಡು ಕೈ ಮಾತ್ರ ಇದ್ದವು. ಕೈಗಳು ಯಾರವೆಂದು ಯಾರೂ ಕೇಳಲಿಲ್ಲ. 'ಪಕ್ಷಿಪ್ರೇಮಿ' ಎಂದು ಗುತ್ತಿಗೆದಾರರಿಗೆ ಬಿರುದು ಸಿಕ್ಕಿತು. ನನ್ನ ಬಳೆ ಗುರುತಿಸದವರಿಗೆ ಹಕ್ಕಿಯ ಜಾತಿ ಗುರುತಿಸಲು ಬರುತ್ತದೆಯೇ? ಒಬ್ಬರು ಅದನ್ನು ಗುಬ್ಬಿ ಎಂದರು, ಮತ್ತೊಬ್ಬರು ಕೋಗಿಲೆ ಎಂದರು.

ಮೇ ತಿಂಗಳಿಡೀ ಆ ಸಂಸಾರ ನನ್ನ ನಿಂಬೆ ಗಿಡದಲ್ಲೇ ಇತ್ತು. ಒಂದು ಸಂಜೆ ಪಕ್ಷಿಪ್ರೇಮಿಗಳು ಕಾಂಪೌಂಡಿಗೆ ಒರಗಿ ಕೇಳಿದರು: "ಮೇಡಂ, ನಮ್ಮ ಹಕ್ಕಿಗಳು ಎಲ್ಲಿಗೆ ಹೋದ್ವೋ ಏನೋ, ಒಂದೂ ಕಾಣಲ್ವಲ್ಲ?"

ನಾಲ್ಕೂ ಹಕ್ಕಿಗಳು ಅವರ ತಲೆಯ ಮೇಲೆ ಚಾಚಿದ್ದ ಕೊಂಬೆಯಲ್ಲಿ ಕೂತು ಗಲಾಟೆ ಮಾಡುತ್ತಿದ್ದವು. ಅವರು ಕತ್ತೆತ್ತಲಿಲ್ಲ, ಮೊಬೈಲಿನಲ್ಲಿ ಹಳೆಯ ವಿಡಿಯೋ ಹುಡುಕುತ್ತಿದ್ದರು.

"ನಂಗೇನು ಗೊತ್ತು ಬಿಡ್ರಿ," ಎಂದು ಬಾನಿಗೆ ನೀರು ತುಂಬಿಸಲು ಹೋದೆ.